ಒದ್ದೆ ಬಟ್ಟೆ

೧೭ ಆಗಸ್ಟ್ ೧೯೮೮, ಬುಧವಾರ

ಮಧ್ಯಾಹ್ನ ಮೂರೂಕಾಲಿಗೆ ಕಂಪ್ಯೂಟರ್ ಹತ್ತಿತು. ಜೋಡಿಸಿದವಳು ನಾನು, ಸ್ವಿಚ್ ಒತ್ತಿದವಳೂ ನಾನು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡಿದಾಗ ನೋಡಲು ಇದ್ದವರು ಅಂಜನಮ್ಮ ಒಬ್ಬರೇ. ಉಳಿದವರೆಲ್ಲ ಟೀ ಕುಡಿಯಲು ಹೋಗಿದ್ದರು.

"ಟೀವಿ ಥರಾನೇ ಐತೆ ರಾಜಮ್ಮಾ, ಒಳಗೆ ಒಬ್ರೂ ಕಾಣಾಕಿಲ್ವಲ್ಲ?" ಎಂದರು, ಪೊರಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು.

"ಇನ್ಮೇಲೆ ನಾನೇ ಕಾಣ್ತೀನಿ ಬಿಡಿ ಅಂಜನಮ್ಮ" ಎಂದೆ. ಇಬ್ಬರೂ ನಕ್ಕೆವು.

ಹನ್ನೊಂದು ವರ್ಷದಿಂದ ರಾಜಾಜಿನಗರದ ಈ ತಗಡಿನ ಶೆಡ್ಡಿನಲ್ಲಿ ಸ್ಟೆಬಿಲೈಜರ್ ಮಾಡುತ್ತಿದ್ದೇನೆ. ಈ ಕಡೆಯ ಅರ್ಧ ಫ್ರಿಜ್ಜುಗಳು ನಾನು ಸುತ್ತಿದ ತಂತಿಯ ಪುಣ್ಯದಿಂದ ಬದುಕಿವೆ. ಹೆಸರು ಮಾತ್ರ ಮಾಲೀಕ ಚನ್ನಕೇಶವ ಅವರದು. ಬ್ಯಾಡರಹಳ್ಳಿಯ ಜಮೀನಿನವರು, ದುಡಿಮೆ ಗೊತ್ತು, ತಂತಿ ಗೊತ್ತಿಲ್ಲ. ಈಗ ಅವರಿಗೆ ಕಂಪ್ಯೂಟರ್ ಹುಚ್ಚು. "ಶುಕ್ರವಾರ ಕೊಳ್ಳೋಕೆ ಬರೋ ಸೊಸೈಟಿ ಸೆಕ್ರೆಟರಿ ಮುಂದೆ ಇದು ಓಡ್ಲಿ ರಾಜೇಶ್ವರಿ ಅವ್ರೇ, ಹೊಸ ಸೆಕ್ಷನ್‌ಗೆ ನೀವೇ ಇನ್‌ಚಾರ್ಜ್" ಎಂದಿದ್ದಾರೆ. ಓಡದಿದ್ದರೆ ಅವರ ಭಾವಮೈದ ಮರಿಯಪ್ಪ ಕಾದು ಕುಳಿತಿದ್ದಾನೆ. ಡಿಪ್ಲೊಮಾ ಮಾಡಿದವನು. ಸೋಲ್ಡರಿಂಗ್ ಐರನ್ನನ್ನು ಊದುಬತ್ತಿಯ ಹಾಗೆ ಹಿಡಿಯುತ್ತಾನೆ.

ಪೆಟ್ಟಿಗೆ ಮಾತ್ರ ನನಗೆ ಇಷ್ಟವಾಗಲಿಲ್ಲ. ಕಾಮಾಕ್ಷಿಪಾಳ್ಯದ ತಗಡಿನ ಶಾಪಿನಲ್ಲಿ ಮಾಡಿಸಿದ್ದು. ಗಾಳಿಯಾಡಲು ಮೇಲೆ ಬಿಟ್ಟ ಸೀಳುಗಳು ತೀರಾ ಅಗಲ. ಹೇಳಿದೆ. "ಗಾಳಿ ಚೆನ್ನಾಗಿ ಆಡ್ಲಿ ಬಿಡಿ" ಎಂದರು ಚನ್ನಕೇಶವ.

ಅಂಜನಮ್ಮ ಇವತ್ತು ನಾಲ್ಕಕ್ಕೇ ಹೊರಟರು. ಲಕ್ವ ಹೊಡೆದು ಮಲಗಿದ ಗಂಡನಿಗೆ ಇ.ಎಸ್.ಐ. ಆಸ್ಪತ್ರೆಯಿಂದ ಔಷಧಿ ತರಬೇಕು. ಈ ಕೆಲಸದಿಂದ ಅವರಿಗೆ ಸಿಕ್ಕ ಕಾರ್ಡಿನಿಂದಲೇ ಆ ಮನುಷ್ಯ ಉಸಿರಾಡುತ್ತಿರುವುದು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಟ್ರಾನ್ಸ್‌ಫಾರ್ಮರ್ ಕೆಟ್ಟಾಗ ಮೀಟರ್ ಹುಡುಕುತ್ತಿದ್ದೆ. ಅವರು ಬಗ್ಗಿ ಮೂಸಿ, "ಒಳಗೆ ಸುಟ್ಟೋಗೈತೆ, ಬಿಚ್ಚಿ ನೋಡಿ" ಎಂದಿದ್ದರು. ಸುಟ್ಟಿತ್ತು. ಅಂದಿನಿಂದ ನಾವಿಬ್ಬರೂ ಒಂದೇ ಕಡೆ ಬುತ್ತಿ ಬಿಚ್ಚುತ್ತೇವೆ.

೧೯ ಆಗಸ್ಟ್, ಶುಕ್ರವಾರ

ಹತ್ತಲಿಲ್ಲ.

ಶ್ರಾವಣದ ಮೊದಲ ಶುಕ್ರವಾರ, ಹತ್ತೂ ಇಪ್ಪತ್ತರ ಮುಹೂರ್ತ. ಬೆಳಿಗ್ಗೆ ನೋಡಿದರೆ ಪೆಟ್ಟಿಗೆಯ ಮೇಲೆಲ್ಲ ಧೂಳು. "ಅಂಜನಮ್ಮ, ಪೂಜೆಗೆ ಮುಂಚೆ ಒಂದ್ಸಲ ಒರೆಸ್ಬಿಡಿ" ಎಂದೆ. ಅವರು ಬಟ್ಟೆಯನ್ನು ಒದ್ದೆ ಮಾಡಿ, ನೀರು ಸೋರದ ಹಾಗೆ ಬಿಗಿಯಾಗಿ ಹಿಂಡಿ, ಮಗುವಿನ ಮುಖ ಒರೆಸಿದ ಹಾಗೆ ಒರೆಸಿದರು.

ಮಾಲೀಕರ ತಾಯಿ ಚಿಕ್ಕಲಕ್ಷ್ಮಮ್ಮನವರು ಕಾರಿನಲ್ಲಿ ಬಂದರು. ಅವರದೇ ಪೂಜೆ. ಪೆಟ್ಟಿಗೆಗೆ ಅರಿಶಿನ ಕುಂಕುಮ, ಹೂವಿನ ಸರ, ಮೇಲೆ ಎರಡು ವೀಳ್ಯದೆಲೆ, ಅಡಿಕೆ, ಅದರ ಮೇಲೆ ನಾಲ್ಕಾಣೆ. ಮಾವಿನ ಎಲೆಯಲ್ಲಿ ಕಲಶದ ನೀರನ್ನು ಎಲ್ಲದರ ಮೇಲೂ ಚಿಮುಕಿಸಿದರು. ಮಂಗಳಾರತಿ ಆಯಿತು. ಕುರ್ಚಿಯಲ್ಲಿ ಸೊಸೈಟಿ ಸೆಕ್ರೆಟರಿ ಕೈಕಟ್ಟಿ ಕುಳಿತಿದ್ದರು. ಚನ್ನಕೇಶವ ಸ್ವಿಚ್ ಒತ್ತಿದರು.

ಫ್ಯಾನ್ ತಿರುಗಲಿಲ್ಲ. ಒಂದು ಬೀಪ್ ಇಲ್ಲ. ಮತ್ತೆ ಒತ್ತಿದರು. ನಾನು ಒತ್ತಿದೆ. ಮರಿಯಪ್ಪ ಒತ್ತಿದ, ಒತ್ತಿ ನನ್ನ ಕಡೆ ನೋಡಿದ.

ಸೆಕ್ರೆಟರಿ ತೆಂಗಿನಕಾಯಿ ಹೋಳು ತೆಗೆದುಕೊಂಡು, "ರೆಡಿ ಆದ್ಮೇಲೆ ಹೇಳಿ ಕಳ್ಸಿ" ಎಂದು ಹೋದರು. ಎರಡು ದಿನ ಓಡಿದ ಯಂತ್ರ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಸವೇಶ್ವರನಗರಕ್ಕೆ ನಡೆದುಕೊಂಡೇ ಬಂದೆ, ಬಸ್ಸಿನಲ್ಲಿ ಯಾರ ಮುಖವನ್ನೂ ನೋಡುವ ಮನಸ್ಸಿರಲಿಲ್ಲ. ಅಪ್ಪ ಬಾಗಿಲಲ್ಲೇ "ಏನಾಯ್ತಮ್ಮ?" ಎಂದರು. ತಲೆನೋವು ಎಂದೆ.

೨೦ ಆಗಸ್ಟ್, ಶನಿವಾರ

ಇಡೀ ದಿನ ಅದರ ಮುಂದೆ. ಗೋಡೆಯ ಪ್ಲಗ್ಗಿನಲ್ಲಿ ಕರೆಂಟ್ ಇದೆ. ಫ್ಯೂಸ್ ಸರಿ. ಸ್ವಿಚ್ ಸರಿ. ಹಿಂದಿನ ವೋಲ್ಟೇಜ್ ಗುಂಡಿ ಇನ್ನೂರಮೂವತ್ತರಲ್ಲೇ ಇದೆ. ಒಂದೊಂದೇ ಕಾರ್ಡ್ ಕಿತ್ತೆ, ಎಲ್ಲ ಕಿತ್ತ ಮೇಲೂ ಹತ್ತಲಿಲ್ಲ. ಕೊನೆಗೆ ಉಳಿದದ್ದು ಪವರ್ ಸಪ್ಲೈ, ಕರೆಂಟನ್ನು ಪಳಗಿಸಿ ಒಳಕ್ಕೆ ಬಿಡುವ ಚಿಕ್ಕ ತಗಡಿನ ಡಬ್ಬ. ಮೀಟರ್ ಹಚ್ಚಿದರೆ ಅದರ ಐದು ವೋಲ್ಟಿನ ತಂತಿ ಡಬ್ಬದ ತಗಡಿಗೆ ಅಂಟಿಕೊಂಡ ಹಾಗೆ ತೋರಿಸುತ್ತದೆ. ಒಳಗೆ ಎಲ್ಲೋ ಶಾರ್ಟ್.

ಅಂಜನಮ್ಮ ಬಂದು ಬಗ್ಗಿ ಮೂಸಿದರು. "ಸುಟ್ಟ ವಾಸ್ನೆ ಇಲ್ಲ ರಾಜಮ್ಮ. ಏನೋ ಸಿಕ್ಕಾಕ್ಕೊಂಡೈತೆ ಅಷ್ಟೆಯಾ."

ಸರಿಯಾದ ಮಾತು. ಇಂಥ ಸಪ್ಲೈ ಒಳಗೆ ಶಾರ್ಟ್ ಆದರೆ ಸುಡುವುದಿಲ್ಲ, ತಾನಾಗಿಯೇ ಬಾಯಿ ಮುಚ್ಚಿಕೊಳ್ಳುತ್ತದೆ. ಬಿಚ್ಚಿದರೆ ಅರ್ಧ ಗಂಟೆಯ ಕೆಲಸ. ಆದರೆ ಸಿಂಗಪುರದ ಮಾಲು, ಮುಚ್ಚಳದ ಮೇಲೆ ಸೀಲಿನ ಕಾಗದ. ಅದು ಹರಿದರೆ ಎಸ್.ಪಿ. ರಸ್ತೆಯ ಅಂಗಡಿಯವನು ಬದಲಾಯಿಸಿ ಕೊಡುವುದಿಲ್ಲ. "ಮುಟ್ಬೇಡಿ, ಅಂಗಡಿಗೇ ಕಳ್ಸೋಣ" ಎಂದರು ಚನ್ನಕೇಶವ.

೨೨ ಆಗಸ್ಟ್, ಸೋಮವಾರ

ಮರಿಯಪ್ಪ ಎಲ್ಲರೆದುರು ಹೇಳಿದ: "ಫ್ರಿಜ್ ಸ್ಟೆಬಿಲೈಜರ್ ಮಾಡೋ ಕೈ ಅಲ್ವಾ ಭಾವ, ಕಂಪ್ಯೂಟರ್‌ಗೂ ಹಂಗೇ ಮಾಡಿರ್ತಾರೆ." ಚನ್ನಕೇಶವ ಮೇಜಿನ ಮೇಲಿನ ಬಿಲ್ಲುಗಳನ್ನು ತಿರುವಿಹಾಕಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮೂವತ್ತಾರು ವರ್ಷ ನನಗೆ. ಮದುವೆಯ ಮಾತು ಮುಗಿದುಹೋದ ಕಥೆ. ಈ ಕೈ ಬಿಟ್ಟರೆ ನನ್ನದು ಅಂತ ಬೇರೇನಿದೆ?

೨೫ ಆಗಸ್ಟ್, ಗುರುವಾರ

ಸಪ್ಲೈ ಹಿಡಿದುಕೊಂಡು ಚನ್ನಕೇಶವ, ಮರಿಯಪ್ಪ, ನಾನು ಎಸ್.ಪಿ. ರಸ್ತೆಗೆ ಹೋದೆವು. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ಸೀಳುಗಳ ಹತ್ತಿರ ಬೆರಳಿಟ್ಟ. "ನೋಡಿ ಸಾರ್, ನೀರಿನ ಕಲೆ. ಇದಕ್ಕೆ ವಾರಂಟಿ ಬರಲ್ಲ. ಯಾರೋ ನೀರು ಹಾಕವ್ರೆ." ಬಿಚ್ಚಿಯೂ ನೋಡಲಿಲ್ಲ. ತಿರುಗಿ ಬೇರೆ ಗಿರಾಕಿಯ ಹತ್ತಿರ ಮಾತಿಗೆ ಇಳಿದ.

ಕಲೆ ಇದ್ದದ್ದು ನಿಜ. ಎರಡು ಹನಿ, ಕೆಂಪಗೆ ಒಣಗಿದ್ದವು. ಒದ್ದೆ ಬಟ್ಟೆಯ ನೀರು ಕೆಂಪಗೆ ಯಾಕಿರುತ್ತದೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ತುಕ್ಕು ಇರಬಹುದು.

ಕಾರಿನಲ್ಲಿ ಬರುವಾಗ ಚನ್ನಕೇಶವ ಕೇಳಿದರು: "ಅವತ್ತು ಬೆಳಿಗ್ಗೆ ಅದನ್ನ ಯಾರು ಮುಟ್ಟಿದ್ರು?"

"ಅಂಜನಮ್ಮ ಒರೆಸಿದ್ರು ಸಾರ್."

ಇದರಲ್ಲಿ ಸುಳ್ಳೇನಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಒರೆಸಲು ಯಾರು ಹೇಳಿದರು ಎಂದು ಅವರು ಕೇಳಲಿಲ್ಲ. ಮುಂದಿನ ಸೀಟಿನಲ್ಲಿದ್ದ ಮರಿಯಪ್ಪನ ಮುಖ ಸಣ್ಣಗಾದದ್ದು ಕನ್ನಡಿಯಲ್ಲಿ ಕಂಡಿತು. ಆರು ದಿನದ ಮೇಲೆ ಇವತ್ತು ಊಟ ರುಚಿಸಿತು.

೨೯ ಆಗಸ್ಟ್, ಸೋಮವಾರ

ಏನಾಯಿತೆಂದು ಬರೆದುಕೊಡಿ ಎಂದರು ಚನ್ನಕೇಶವ. ಬರೆದುಕೊಟ್ಟೆ. ಯಂತ್ರದ ಜೋಡಣೆಯಲ್ಲಿ ಯಾವ ದೋಷವೂ ಇಲ್ಲ, ಎರಡು ದಿನ ಸರಿಯಾಗಿ ಕೆಲಸ ಮಾಡಿದೆ. ಹತ್ತೊಂಬತ್ತರ ಬೆಳಿಗ್ಗೆ ಶುಚಿ ಮಾಡುವಾಗ ಒದ್ದೆ ಬಟ್ಟೆ ಬಳಸಿದ್ದರಿಂದ ಒಳಗೆ ನೀರು ಹೋಗಿರುವ ಸಾಧ್ಯತೆ ಇದೆ. "ಸಾಧ್ಯತೆ" ಎಂದೇ ಬರೆದಿದ್ದೇನೆ. ಯಾರ ಹೆಸರನ್ನೂ ಬರೆದಿಲ್ಲ. ಇಡೀ ಫ್ಯಾಕ್ಟರಿಯಲ್ಲಿ ಕಸ ಗುಡಿಸುವವಳು ಒಬ್ಬಳೇ ಎನ್ನುವುದು ನನ್ನ ತಪ್ಪಲ್ಲ.

ಮೂರು ಗಂಟೆಗೆ ಅಂಜನಮ್ಮನನ್ನು ಒಳಗೆ ಕರೆದರು. ಹೊರಬಂದಾಗ ಪೊರಕೆಯನ್ನು ಮೂಲೆಗೆ ಒರಗಿಸಿ, ಬುತ್ತಿಯ ಡಬ್ಬ ತೆಗೆದುಕೊಂಡು, ಒಂದು ಕ್ಷಣ ನನ್ನ ಮೇಜಿನ ಹತ್ತಿರ ನಿಂತಳು. ನಾನು ಸೋಲ್ಡರ್ ಮಾಡುತ್ತಿದ್ದೆ. ಅದನ್ನು ಅರ್ಧಕ್ಕೆ ಬಿಟ್ಟು ತಲೆ ಎತ್ತಲು ಆಗುವುದಿಲ್ಲ.

ಕೆಲಸದಿಂದಲೇ ತೆಗೆಯುತ್ತಾರೆ ಎಂದು ನಾನೇನು ಕನಸು ಕಂಡಿದ್ದೆನೆ?

೩೧ ಆಗಸ್ಟ್, ಬುಧವಾರ

ಒಬ್ಬಳೇ ಊಟ ಮಾಡಿದೆ. ನಿಜ ಹೇಳಬೇಕೆಂದರೆ ನೆಮ್ಮದಿಯೇ. ಅವಳ ಮುದ್ದೆ, ಸೊಪ್ಪಿನ ಸಾರಿನ ವಾಸನೆ, ಗಂಡನ ಕಾಲು ಕೈ ಕಥೆ, ದಿನಾ ಅದೇ. ಅಷ್ಟಕ್ಕೂ ಅವಳು ಮೊದಲಿಂದಲೂ ಎಲ್ಲದಕ್ಕೂ ನೀರು ಜಾಸ್ತಿ ಬಳಸುತ್ತಿದ್ದಳು. ನಾನು ಒರೆಸು ಎಂದಿದ್ದರೂ ಒಣ ಬಟ್ಟೆಯಲ್ಲಿ ಎಂದೇ ಹೇಳಿರುತ್ತೇನೆ. ಎಲೆಕ್ಟ್ರಾನಿಕ್ಸ್ ಕೆಲಸದವಳು ನಾನು, ಒದ್ದೆ ಬಟ್ಟೆ ಎನ್ನುತ್ತೇನೆಯೆ?

ಅಪ್ಪನಿಗೆ ಹೇಳಿದೆ. ಅವರು ಓದುತ್ತಿದ್ದ ಪೇಪರನ್ನು ಮಡಚಿದರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಎಂದರು, ಅಷ್ಟೆ. ನಲವತ್ತು ವರ್ಷ ಮಿಷನ್ ತುಳಿದ ದರ್ಜಿ ಗುರುಸಿದ್ದಯ್ಯನವರಿಗೆ ಕಂಪ್ಯೂಟರ್ ವಿಷಯ ಏನು ಗೊತ್ತು?

೪ ಸೆಪ್ಟೆಂಬರ್, ಭಾನುವಾರ

ಅವಳು ಮನೆಗೇ ಬಂದಳು. ನಾನು ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಅಪ್ಪ ಒಳಗೆ ಕೂರಿಸಿ ಕಾಫಿ ಕೊಟ್ಟಿದ್ದರು. ಲೋಟವನ್ನು ಕೆಳಗಿಟ್ಟು ಎದ್ದು ನಿಂತಳು.

"ರಾಜಮ್ಮ, ಕೆಲ್ಸ ಹೋದ್ರೆ ಹೋಗ್ಲಿ, ನಾಲ್ಕು ಮನೆ ಮುಸ್ರೆ ತಿಕ್ತೀನಿ. ಆದ್ರೆ ಆ ಆಸ್ಪತ್ರೆ ಕಾರ್ಡು ಹೋಯ್ತದಂತೆ. ನಮ್ ಯಜಮಾನ್ರಿಗೆ ಔಷ್ದಿ ನಿಂತ್ರೆ ಆಯ್ತು ಬಿಡಿ. ನೀವು ಸಾಹೇಬ್ರಿಗೆ ಒಂದ್ ಮಾತು ಹೇಳಿ. ನಾನೇ ಒರ್ಸು ಅಂದಿದ್ದು ಅಂತ, ಅಷ್ಟೇ ಸಾಕು."

"ನಾನು ಹಂಗೆ ಹೇಳಿದ್ದು ನೆನಪಿಲ್ವಲ್ಲ ಅಂಜನಮ್ಮ."

ಅವಳು ನನ್ನನ್ನೇ ನೋಡಿದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. "ನೆನಪಿಲ್ವಾ?" ಎಂದಳು ಮೆಲ್ಲಗೆ. ಆಮೇಲೆ, "ಬಟ್ಟೇನ ನಿಮ್ಮುಂದೇನೇ ಹಿಂಡ್ದೆ ಕಣವ್ವ. ನೆಲಕ್ಕೊಂದು ತೊಟ್ಟೂ ಬೀಳ್ಲಿಲ್ಲ."

ಹೋದಳು. ಕಾಫಿ ಹಾಗೆಯೇ ಇತ್ತು. ಅಪ್ಪ ಆ ಲೋಟ ತೊಳೆದು ಕವುಚಿ ಹಾಕಿದರು. ರಾತ್ರಿ ನನಗಿಂತ ಮೊದಲೇ ಒಬ್ಬರೇ ಉಂಡು ಮಲಗಿದರು. ಮನೆ ನಡೆಯುವುದು ಯಾರ ಸಂಬಳದಲ್ಲಿ ಎನ್ನುವುದನ್ನು ಈ ಮನೆಯಲ್ಲಿ ಎಲ್ಲರೂ ಮರೆತಿದ್ದಾರೆ.

೭ ಸೆಪ್ಟೆಂಬರ್, ಬುಧವಾರ

ವಾರಂಟಿಯಂತೂ ಹೋಯಿತು, ಬಿಚ್ಚಿ ನೋಡಿ ಎಂದರು ಚನ್ನಕೇಶವ. ಊಟದ ಹೊತ್ತಿನಲ್ಲಿ ಎಲ್ಲರೂ ಹೋದ ಮೇಲೆ ಸೀಲು ಹರಿದೆ. ನಾಲ್ಕು ತಿರುಪು ಬಿಚ್ಚಿ, ಒಳಗಿನ ಬೋರ್ಡನ್ನು ಎತ್ತಿದೆ.

ನಾಲ್ಕಾಣೆ.

ಬೋರ್ಡಿಗೂ ಕೆಳಗಿನ ತಗಡಿಗೂ ನಡುವೆ ಒರಗಿ ಕೂತಿತ್ತು, ಒಂದು ಅಂಚು ಐದು ವೋಲ್ಟಿನ ಬೆಸುಗೆಗೆ ತಾಗಿಕೊಂಡು. ಅದರ ಸಿಂಹಗಳ ಮೇಲೆ ಇನ್ನೂ ಕುಂಕುಮ. ಪೆಟ್ಟಿಗೆಯ ಅಗಲ ಸೀಳಿನಿಂದ ಜಾರಿ, ಸಪ್ಲೈಯ ಸೀಳಿನೊಳಗೆ ಬಿದ್ದಿದೆ. ಎಲೆ ಅಡಿಕೆಯ ಮೇಲೆ ಅದನ್ನು ಇಟ್ಟವರು ಚಿಕ್ಕಲಕ್ಷ್ಮಮ್ಮನವರು. ಕುಂಕುಮ ಕರಗಿಸಿಕೊಂಡು ಇಳಿದ ಕೆಂಪು ಹನಿಯೂ ಅವರ ಕಲಶದ್ದೇ. ಒಳಗೆಲ್ಲೂ ನೀರಿಲ್ಲ, ಬೂದಿಯ ಹಾಗೆ ಒಣಗಿದೆ.

ನಾಣ್ಯ ತೆಗೆದು ಬೋರ್ಡ್ ಕೂರಿಸಿ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು. ಬೀಪ್ ಎಂದಿತು. ಹಸಿರು ಅಕ್ಷರ ಬಂತು. ಅದನ್ನು ನೋಡಿ ನನಗೆ ಅಳು ಬಂತು, ಯಾಕೆ ಎಂದು ಗೊತ್ತಾಗಲಿಲ್ಲ. ಪಕ್ಕದಲ್ಲಿ "ಒಳಗೆ ಒಬ್ರೂ ಕಾಣಾಕಿಲ್ವಲ್ಲ" ಎನ್ನುವವರು ಇರಲಿಲ್ಲ.

ನಾಳೆ ಬೆಳಿಗ್ಗೆ ಮೊದಲ ಕೆಲಸವೇ ಈ ನಾಣ್ಯವನ್ನು ಚನ್ನಕೇಶವ ಅವರ ಮೇಜಿನ ಮೇಲೆ ಇಡುವುದು.

೮ ಸೆಪ್ಟೆಂಬರ್, ಗುರುವಾರ

ಇಡಬೇಕೆಂದೇ ಒಳಗೆ ಹೋದೆ. ಮುಷ್ಟಿಯಲ್ಲಿ ಇತ್ತು. ಅಲ್ಲಿ ಚಿಕ್ಕಲಕ್ಷ್ಮಮ್ಮನವರು ಕುಳಿತಿದ್ದರು, ಮರಿಯಪ್ಪನೂ ಇದ್ದ. "ಹತ್ತಿತಂತೆ! ಏನಾಗಿತ್ತು?" ಎಂದರು ಚನ್ನಕೇಶವ.

ಎಲ್ಲರೆದುರು ಅವರ ತಾಯಿಯ ಕೈಯಿಂದ ಆದದ್ದು ಎಂದು ಹೇಳುವುದು ಹೇಗೆ? ಮತ್ತೆ ನಾನು ಬರೆದುಕೊಟ್ಟ ಕಾಗದ? ಹತ್ತು ದಿನದ ಹಿಂದೆ ಒಂದು ಹೇಳಿ ಈಗ ಇನ್ನೊಂದು ಹೇಳಿದರೆ ಮರಿಯಪ್ಪ ಬಿಡುತ್ತಾನೆಯೆ?

"ಒಳಗೆ ತೇವ ಇತ್ತು ಸಾರ್. ಟೇಬಲ್ ಲ್ಯಾಂಪ್ ಬಿಸಿಗಿಟ್ಟು ಒಣಗಿಸ್ದೆ."

"ನಾನು ಹೇಳ್ಲಿಲ್ವಾ ಕೇಶವ, ಈ ಹೆಣ್ಣುಮಗಳ ಕೈಗುಣ ಚೆನ್ನಾಗೈತೆ ಅಂತ" ಎಂದರು ಚಿಕ್ಕಲಕ್ಷ್ಮಮ್ಮನವರು. ಒಳ್ಳೆಯ ಮನಸ್ಸು ಅವರದು. ಮರಿಯಪ್ಪ ಎದ್ದು ಹೊರಗೆ ಹೋದ.

ಇನ್‌ಚಾರ್ಜ್ ಆದೆ. ನಾಳೆ ಸೆಕ್ರೆಟರಿ ಬರುತ್ತಾರೆ. ಅಂಜನಮ್ಮನ ವಿಷಯವನ್ನು ಇದೆಲ್ಲ ತಣ್ಣಗಾದ ಮೇಲೆ ನಿಧಾನವಾಗಿ ಎತ್ತಬೇಕು. ಅವಸರದಲ್ಲಿ ಎತ್ತಿದರೆ ಅವಳಿಗೇ ನಷ್ಟ.

೨೫ ಸೆಪ್ಟೆಂಬರ್, ಭಾನುವಾರ

ಸೊಸೈಟಿಗೆ ನಾಲ್ಕು ಯಂತ್ರ. ಬಿಡುವೇ ಇಲ್ಲ.

ಅಪ್ಪ ಮಾರ್ಕೆಟ್ಟಿನಲ್ಲಿ ಅವಳನ್ನು ಕಂಡರಂತೆ. ನಮ್ಮ ಬಡಾವಣೆಯ ಮೂರನೇ ಹಂತದಲ್ಲಿ ಮನೆಗೆಲಸಕ್ಕೆ ಹೋಗುತ್ತಾಳೆ. ಔಷಧಿ ನಿಂತು ಗಂಡನಿಗೆ ಈಗ ಮಾತೂ ಬಿದ್ದುಹೋಗಿದೆಯಂತೆ. "ನಿನ್ನನ್ನ ಕೇಳಿದ್ಳು. ಮಿಷಿನ್ ಹತ್ತಿತಾ ಅಂದ್ಳು. ಹತ್ತಿತು ಅಂದೆ. ಸದ್ಯ ಅಂದ್ಳು" ಎಂದರು ಅಪ್ಪ.

ಇದನ್ನು ನನಗೆ ಹೇಳುವ ಅಗತ್ಯ ಏನಿತ್ತೋ. ವಯಸ್ಸಾದವರಿಗೆ ಯಾವ ಹೊತ್ತಿನಲ್ಲಿ ಏನು ಮಾತಾಡಬೇಕೆಂದು ತಿಳಿಯುವುದಿಲ್ಲ.

೧೯ ಅಕ್ಟೋಬರ್, ಬುಧವಾರ. ಆಯುಧಪೂಜೆ

ಶೆಡ್ಡಿಗೆಲ್ಲ ಮಾವಿನ ತೋರಣ, ಬಾಳೆಕಂಬ. ನನ್ನ ಸೆಕ್ಷನ್ನಿನಲ್ಲಿ ಐದು ಕಂಪ್ಯೂಟರ್ ಸಾಲಾಗಿ ನಿಂತಿದ್ದವು. ಹೊಸದಾಗಿ ಬಂದ ಕಸದವಳಿಗೆ ಒಣ ಬಟ್ಟೆಯಲ್ಲೇ ಒರೆಸಬೇಕೆಂದು ಕಾಗದದಲ್ಲಿ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೇನೆ. ಎಲ್ಲದಕ್ಕೂ ಒಂದು ಕಾಗದ ಇರುವುದು ಒಳ್ಳೆಯದು.

ಪೂಜೆಗೆ ಚಿಕ್ಕಲಕ್ಷ್ಮಮ್ಮನವರೇ. ಮೊದಲ ಪೆಟ್ಟಿಗೆಯ ಮೇಲೆ ಎಲೆ ಅಡಿಕೆ ಇಟ್ಟು, ಸೆರಗಿನ ಗಂಟಿನಿಂದ ನಾಲ್ಕಾಣೆ ಬಿಚ್ಚಿದರು. ನಾನು ತಟ್ಟನೆ ಕೈ ಅಡ್ಡ ಇಟ್ಟೆ.

"ಅಮ್ಮ, ದುಡ್ಡು ಮೇಲೆ ಬೇಡ. ಕೆಳಗೆ ತಟ್ಟೇಲಿಡಿ. ಸೀಳಿನೊಳಗೆ ಬಿದ್ರೆ ಕಷ್ಟ."

"ನೋಡಿದ್ರಾ, ಎಷ್ಟು ಜಾಗ್ರತೆ!" ಎಂದರು ಚನ್ನಕೇಶವ. ಎಲ್ಲರೂ ತಲೆಯಾಡಿಸಿದರು.

ನಾಣ್ಯವನ್ನು ತಟ್ಟೆಯಲ್ಲಿಡುತ್ತ ಚಿಕ್ಕಲಕ್ಷ್ಮಮ್ಮನವರು ಏನೋ ನೆನೆಸಿಕೊಂಡರು. "ಹೋದ್ಸಲಿ ಇಟ್ಟಿದ್ದು ಪೂಜೆ ಆದ್ಮೇಲೆ ಹುಡುಕಿದ್ರೆ ಸಿಗ್ಲೇ ಇಲ್ಲ ಕಣಮ್ಮ. ಆ ಅಂಜನಮ್ಮ ಎಲೆ ಎತ್ತುವಾಗ ಮಡಿಲಿಗೆ ಹಾಕ್ಕೊಂಡ್ಳು ಅಂತ ಅವತ್ತೇ ನಂಗೆ ಅನುಮಾನ. ದೇವ್ರ ದುಡ್ಡು! ಅದಕ್ಕೇ ಹಂಗಾಯ್ತು ಅವ್ಳಿಗೆ. ಅಲ್ವೇ?"

ಎಲ್ಲರೂ ನನ್ನ ಕಡೆ ನೋಡಿದರು. ಹನ್ನೊಂದು ವರ್ಷ ಅವಳ ಪಕ್ಕದಲ್ಲಿ ಬುತ್ತಿ ಬಿಚ್ಚಿದವಳು ನಾನು, ಅವಳ ವಿಷಯ ನನಗೇ ಚೆನ್ನಾಗಿ ಗೊತ್ತಿರಬೇಕು.

ಆ ನಾಣ್ಯ ಒಂದೂವರೆ ತಿಂಗಳಿನಿಂದ ನನ್ನ ಪರ್ಸಿನಲ್ಲೇ ಇತ್ತು. ಆಮೇಲೆ ಮಂಗಳಾರತಿ ತಟ್ಟೆ ನನ್ನ ಮುಂದೆ ಬಂದಾಗ ಅದನ್ನೇ ಹಾಕಿ, ಕಣ್ಣಿಗೆ ಒತ್ತಿಕೊಂಡೆ.

ಅವರು ಕೇಳಿದ್ದಕ್ಕೆ, "ಹೂಂ ಅಮ್ಮ" ಎಂದೆ.